ದೇವರ ದತ್ತಿಯೂ ದೊರೆಯ ಬೊಕ್ಕಸವೂ

ಶಿಕಾರಿಪುರದ ಸಮೀಪದಲ್ಲಿರುವ ಬಳ್ಳಿಗಾವೆಯು ಇಂದು ಒಂದು ಸಣ್ಣ ಊರು. ಹನ್ನೆರಡನೆಯ ಶತಮಾನದಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ, ಅನೇಕ ಮಠಗಳಿಗೂ ದೇವಾಲಯಗಳಿಗೂ ನೆಲೆಯಾಗಿ ಮೆರೆದಿದ್ದಿತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಕಲಚುರಿ ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವೊಂದು ವರ್ಣಿಸುತ್ತದೆ. ಆ ವರ್ಣನೆಯ ಪ್ರಕಾರ ಅದು ನಾಲ್ಕು ವೇದಗಳನ್ನೂ, ವ್ಯಾಕರಣಗಳನ್ನೂ, ದರ್ಶನಗಳನ್ನೂ, ಪುರಾಣಗಳನ್ನೂ ವ್ಯಾಖ್ಯಾನಿಸುವ ವಿದ್ಯಾಸ್ಥಾನ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು ಇವರೆಲ್ಲರಿಗೂ ಅನ್ನವಿಕ್ಕುವ ಸತ್ರ. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಳ. ಸಕಲ ಪ್ರಾಣಿಗಳಿಗೂ ಅಭಯವಿರುವ ತಾಣ. ಮಠದ ಆಚಾರ್ಯನಾದ ವಾಮಶಕ್ತಿಗೆ ದತ್ತಿಯನ್ನು ಕೊಟ್ಟವರು ಪೂಜೆಯೊಂದಕ್ಕಾಗಿ ಕೊಡಲಿಲ್ಲ. ಪಾಠಶಾಲೆ, ಅನ್ನಸತ್ರ, ವೈದ್ಯಶಾಲೆ ಇವುಗಳಿಗೂ ಕೊಟ್ಟರು. ಆದರೆ ಅವುಗಳನ್ನು ಬೇರೆ ಬೇರೆ ಎಂದು ಆ ಕಾಲದವರು ಎಣಿಸಲಿಲ್ಲ. ದೇವರ ಸೇವೆಯೂ ಜನರ ಸೇವೆಯೂ ಒಂದೇ ಧಾರಾಪೂರ್ವಕ ದಾನದಲ್ಲಿ ಅಡಗಿದ್ದುವು.

ಧರ್ಮಸಂಸ್ಥೆಗಳಿಗೆ ಸರ್ಕಾರವು ದ್ರವ್ಯಸಹಾಯ ಮಾಡಬಹುದೆ, ಮಾಡಿದರೆ ಯಾವ ನಿಬಂಧನೆಯ ಮೇಲೆ, ಸಹಾಯ ಪಡೆದ ಸಂಸ್ಥೆಯ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿದೀತು ಎಂಬ ಪ್ರಶ್ನೆಗಳು ಅನೇಕ ದೇಶಗಳಲ್ಲಿ ಚರ್ಚೆಗೆ ಬಂದಿವೆ. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಎಂಟು ನೂರು ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯನ್ನು ನೋಡಿದರೆ, ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾವ ರೂಪದಲ್ಲಿ ಕೊಟ್ಟರು ಎಂಬುದೇ ಹೆಚ್ಚು ಮುಖ್ಯವಾದುದೆಂದು ತಿಳಿದುಬರುತ್ತದೆ.

ಹಿಂದಿನ ಅರಸರು ಸಾಮಾನ್ಯವಾಗಿ ಬೊಕ್ಕಸದಿಂದ ವರ್ಷವರ್ಷವೂ ಹಣವನ್ನು ತೆಗೆದು ಕೊಡುತ್ತಿರಲಿಲ್ಲ. ಭೂಮಿಯನ್ನೋ, ಊರಿನ ಹುಟ್ಟುವಳಿಯನ್ನೋ, ಸಂತೆಯ ಸುಂಕದಲ್ಲಿ ಒಂದು ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ, ತಪೋಧನರ ಆಹಾರದಾನ, ವಿದ್ಯಾದಾನ ಎಂದು ದತ್ತಿಯ ಉದ್ದೇಶವನ್ನು ಶಾಸನದಲ್ಲಿ ಹೆಸರಿಸಿ, ಭೂಮಿಯ ಎಲ್ಲೆಗಳನ್ನು ಗುರುತಿಸಿ, ಅಳಿದವರಿಗೆ ಶಾಪವನ್ನು ಬರೆಯಿಸಿ ಕಲ್ಲನ್ನು ನಿಲ್ಲಿಸುತ್ತಿದ್ದರು. ಒಮ್ಮೆ ಕೊಟ್ಟ ಮೇಲೆ ದೊರೆಯ ಕೆಲಸ ಕೊಡುವುದಲ್ಲ, ಕಾಯುವುದು. ತಾನು ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯವೆಂಬ ಅಭಿಪ್ರಾಯವು ನೂರಾರು ಶಾಸನಗಳ ಕೊನೆಯಲ್ಲಿ ಕಾಣುತ್ತದೆ. ಭೂಮಿ ಸಂಸ್ಥೆಯ ಕೈಯಲ್ಲಿದ್ದುದರಿಂದ ಬೆಳೆಯ ಬೆಲೆ ಏರಿದರೆ ಸಂಸ್ಥೆಯ ಆದಾಯವೂ ಏರುತ್ತಿದ್ದಿತು. ದೊರೆ ಬದಲಾದರೂ ದೀಪ ಉರಿಯುತ್ತಿದ್ದಿತು.

ದೊರೆಯ ಈ ಪಾಲನಧರ್ಮಕ್ಕೆ ಶ್ರವಣಬೆಳಗೊಳದಲ್ಲಿರುವ 1368ರ ಶಾಸನ ಒಳ್ಳೆಯ ನಿದರ್ಶನ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಬುಕ್ಕರಾಯನು ಎರಡು ಪಕ್ಷದವರನ್ನೂ ಕರೆಯಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಶಾಸನದ ಮುಂದಿನ ಭಾಗ ಇನ್ನೂ ವಿಚಾರಾರ್ಹವಾದುದು. ನಾಡಿನ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕುದು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕುದು. ಹಣ ಜೈನರದು, ಅದನ್ನು ವಿನಿಯೋಗಿಸುವ ಹೊಣೆ ಶ್ರೀವೈಷ್ಣವನದು, ಇಬ್ಬರ ನಡುವೆ ನಿಂತ ಮಾತು ದೊರೆಯದು. ಇಲ್ಲಿ ಬೊಕ್ಕಸದಿಂದ ಒಂದು ಕಾಸೂ ಹೊರಟಂತಿಲ್ಲ. ಆದರೂ ರಾಜ್ಯದ ಆಶ್ರಯವಿಲ್ಲದೆ ಆ ಏರ್ಪಾಡು ನಡೆಯುವಂತಿರಲಿಲ್ಲ.

ಆಶ್ರಯಕ್ಕೆ ದೊರೆಯ ಮತ ಅಡ್ಡಿಯಾಗಬೇಕಿರಲಿಲ್ಲವೆಂಬುದಕ್ಕೆ ಶೃಂಗೇರಿಯ ಕಡತಗಳು ಸಾಕ್ಷಿ. 1346ರಲ್ಲಿ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂದಾನ ಮಾಡಿದರು. ಅಲ್ಲಿಂದ ನಾಲ್ಕೂವರೆ ಶತಮಾನಗಳಾದ ಮೇಲೆ, 1791ರಲ್ಲಿ, ಮರಾಠರ ಸೈನ್ಯದ ಕುದುರೆ ಸವಾರರು ಮಠವನ್ನು ಕೊಳ್ಳೆಹೊಡೆದರು. ಆಗ ಟೀಪು ಸುಲ್ತಾನನು ಸ್ವಾಮಿಗಳಿಗೆ ಸಂತಾಪವನ್ನು ಸೂಚಿಸಿ ಕನ್ನಡದಲ್ಲಿ ಪತ್ರ ಬರೆಯಿಸಿ, ಶಾರದಾ ದೇವಿಯ ಪುನಃಪ್ರತಿಷ್ಠೆಗಾಗಿ 200 ರಾಹತಿಗಳನ್ನು ನಗದಾಗಿ ಕೊಡುವಂತೆಯೂ ಬೇಕಾದ ಪದಾರ್ಥಗಳನ್ನು ಒದಗಿಸುವಂತೆಯೂ ಬಿದನೂರಿನ ಅಧಿಕಾರಿಗೆ ಆಜ್ಞೆಮಾಡಿದನು. ಈ ಪತ್ರಗಳನ್ನು 1916ರಲ್ಲಿ ಮೈಸೂರು ಪ್ರಾಕ್ತನ ವಿಮರ್ಶೆ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ರಾಜ್ಯದ ಕ್ಷೇಮಕ್ಕಾಗಿ ಸ್ವಾಮಿಗಳು ತಪಸ್ಸು ಮಾಡಬೇಕೆಂಬ ಬೇಡಿಕೆಯೂ ಅವುಗಳಲ್ಲುಂಟು. ಯುದ್ಧದ ನಡುವೆ ನಿಂತ ದೊರೆಗೆ ಆ ಆಶೀರ್ವಾದವೂ ಬೇಕಾಗಿದ್ದಿತು. ಕೊಡುವವನಿಗೆ ಯಾವ ಅಪೇಕ್ಷೆಯೂ ಇರಲಿಲ್ಲವೆಂದು ಹೇಳುವಂತಿಲ್ಲ.

ಆಂಗ್ಲೇಯರ ಕಂಪೆನಿಯು ರಾಜ್ಯಾಧಿಕಾರವನ್ನು ಪಡೆದಾಗ, ದೊರೆತನದೊಡನೆ ಈ ಪಾಲನಧರ್ಮವೂ ಅದರ ಪಾಲಿಗೆ ಬಂದಿತು. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಸೇರಿದ್ದ ಮದರಾಸು ಆಧಿಪತ್ಯದಲ್ಲಿ 1817ರ ಏಳನೆಯ ರೆಗ್ಯುಲೇಷನ್ ಜಾರಿಗೆ ಬಂದು, ದೇವಸ್ಥಾನ, ಮಸೀದಿ, ವಿದ್ಯಾಶಾಲೆ, ಛತ್ರ, ಸೇತುವೆ ಮುಂತಾದುವುಗಳಿಗೆ ಬಿಟ್ಟ ದತ್ತಿಗಳ ಮೇಲ್ವಿಚಾರಣೆಯನ್ನು ರೆವಿನ್ಯೂ ಬೋರ್ಡಿಗೆ ವಹಿಸಿತು. ವ್ಯಾಪಾರಕ್ಕೆಂದು ಬಂದವರು ದೇವಸ್ಥಾನದ ಲೆಕ್ಕವನ್ನು ನೋಡತೊಡಗಿದರು. ಕಲೆಕ್ಟರನ ಕಚೇರಿಯಲ್ಲಿ ರಥೋತ್ಸವದ ವೆಚ್ಚ ಮಂಜೂರಾಗುವ ಕಾಲ ಬಂದಿತು.

ಇದು ಇಂಗ್ಲೆಂಡಿನ ಪಾದ್ರಿಗಳಿಗೂ ಅವರ ಪಕ್ಷದವರಿಗೂ ಸಹನೆಯಾಗಲಿಲ್ಲ. ಕ್ರೈಸ್ತ ಸರ್ಕಾರವು ವಿಗ್ರಹಾರಾಧನೆಗೆ ಕೈಜೋಡಿಸುವುದು ಪಾಪವೆಂದು ಅವರು ಹುಯಿಲೆಬ್ಬಿಸಿದರು. 1833ರಲ್ಲಿ ಡೈರೆಕ್ಟರುಗಳ ಸಭೆಯು ದೇವಾಲಯಗಳ ಆಡಳಿತದಿಂದ ಹಿಂದೆ ಸರಿಯಬೇಕೆಂದು ಆಜ್ಞೆಯನ್ನು ಕಳುಹಿಸಿತು. ದೇಶೀಯರ ಉತ್ಸವಗಳಿಗೆ ಸೈನ್ಯದ ಮರ್ಯಾದೆ ಸಲ್ಲಿಸುವ ವಿಷಯದಲ್ಲಿ ಅಸಮಾಧಾನಗೊಂಡು ಮದರಾಸಿನ ದಂಡನಾಯಕನಾದ ಸರ್ ಪೆರೆಗ್ರಿನ್ ಮೇಟ್ಲೆಂಡನು ಅಧಿಕಾರವನ್ನೇ ಬಿಟ್ಟನು. ಕಡೆಗೆ 1863ರ ಇಪ್ಪತ್ತನೆಯ ಆಕ್ಟಿನ ಮೂಲಕ ಸರ್ಕಾರವು ಸಂಪೂರ್ಣವಾಗಿ ಕೈತೊಳೆದುಕೊಂಡು, ಸಂಸ್ಥೆಗಳನ್ನು ಧರ್ಮದರ್ಶಿಗಳಿಗೂ ಸ್ಥಳೀಯ ಸಮಿತಿಗಳಿಗೂ ಒಪ್ಪಿಸಿತು.

ಆದರೆ ಈ ವೈರಾಗ್ಯ ಒಂದು ಪಕ್ಕದ್ದು. 1813ರ ಸನ್ನದಿನ ಪ್ರಕಾರ ಕಲ್ಕತ್ತೆಗೆ ಒಬ್ಬ ಬಿಷಪ್ಪನೂ ಮೂವರು ಆರ್ಚ್‌ಡೀಕನರೂ ನೇಮಕವಾಗಿ, ಅವರ ವೇತನವು ಹಿಂದೂಸ್ಥಾನದ ಕಂದಾಯದಿಂದಲೇ ಸಲ್ಲುತ್ತಿದ್ದಿತು. ದಂಡುಪ್ರದೇಶಗಳ ಚಾಪ್ಲೇನರಿಗೂ ಸಂಬಳವು ಬೊಕ್ಕಸದಿಂದಲೇ ಬರುತ್ತಿದ್ದಿತು. ದೇವಸ್ಥಾನದ ನಂದಾದೀಪಕ್ಕೆ ಎಣ್ಣೆಯನ್ನೆರೆಯುವುದು ಪಾಪವೆಂದು ಬಗೆದ ಸರ್ಕಾರವು, ಹೊಲದಲ್ಲಿ ದುಡಿವ ರೈತನ ಕಂದಾಯದಿಂದ ಇಗರ್ಜಿಯ ದೀಪವನ್ನು ಉರಿಸುವುದನ್ನು ಮುಂದಿನ ಶತಮಾನದವರೆಗೂ ಬಿಡಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಹೊಸ ತತ್ತ್ವವೂ ಹುಟ್ಟಿತು. 1854ರಲ್ಲಿ ಸರ್ ಚಾರ್ಲ್ಸ್ ವುಡ್ಡನು ಕಳುಹಿಸಿದ ವಿದ್ಯಾಭ್ಯಾಸದ ನಿರೂಪವು, ಖಾಸಗಿ ಪಾಠಶಾಲೆಗಳಿಗೆ ಸಹಾಯದ್ರವ್ಯ ಕೊಡುವ ಪದ್ಧತಿಯನ್ನು ಏರ್ಪಡಿಸಿತು. ಶಾಲೆಯನ್ನು ನಡೆಯಿಸುವವರು ಯಾವ ಮತದವರೇ ಆಗಲಿ, ಲೌಕಿಕ ವಿದ್ಯೆ ಚೆನ್ನಾಗಿ ನಡೆದರೆ ಸಹಾಯ ಸಲ್ಲತಕ್ಕುದು. ಅಲ್ಲಿ ಯಾವ ಮತಬೋಧೆ ನಡೆಯುವುದೆಂಬುದನ್ನು ಇನ್‌ಸ್ಪೆಕ್ಟರನು ವಿಚಾರಿಸತಕ್ಕುದಲ್ಲ. ಮಿಷನ್ನಿನ ಶಾಲೆಗಳಿಗೆ ಇದರಿಂದ ಬಹಳ ಉಪಕಾರವಾಯಿತು. ಮುಂದೆ ದೇಶೀಯರು ಸ್ಥಾಪಿಸಿದ ಶಾಲೆಗಳಿಗೂ ಅದೇ ಬಾಗಿಲು ತೆರೆಯಿತು. ಕೋಡಿಯ ಮಠದಲ್ಲಿ ಒಂದಾಗಿದ್ದ ಪೂಜೆಯೂ ಪಾಠವೂ ಇಲ್ಲಿ ಲೆಕ್ಕದ ಪುಸ್ತಕದಲ್ಲಿ ಬೇರೆಯಾದುವು. ಪಾಠಕ್ಕೆ ಸರ್ಕಾರದ ಹಣ. ಪೂಜೆ ಅವರವರ ಪಾಲಿಗೆ. ಸರ್ಕಾರದ ಹಣದಿಂದ ಉಪಾಧ್ಯಾಯನ ಸಂಬಳ ಸಂದರೆ ಉಳಿದ ಹಣ ಮತಪ್ರಚಾರಕ್ಕೆ ಒದಗುವುದಿಲ್ಲವೆ ಎಂಬ ಸಂದೇಹಕ್ಕೆ ಮಾತ್ರ ಆ ನಿರೂಪದಲ್ಲಿ ಸಮಾಧಾನ ದೊರೆಯದು.

ಮೈಸೂರು ಸೀಮೆಯ ದಾರಿ ಬೇರೆಯಾಯಿತು. 1831ರಿಂದ 1881ರವರೆಗೆ ಆಂಗ್ಲೇಯ ಕಮಿಷನರುಗಳು ಆಳಿದರೂ ಅದು ಮಹಾರಾಜರ ರಾಜ್ಯ. ದೇವಸ್ಥಾನ, ಮಠ, ಛತ್ರಗಳನ್ನು ಕೈಬಿಡುವುದು ಅಲ್ಲಿ ಸಾಧ್ಯವಾಗಲಿಲ್ಲ. ಆದರೆ ದತ್ತಿಯ ರೂಪ ಬದಲಾಗುತ್ತ ಬಂದಿತು. ಬೌರಿಂಗ್ ಸಾಹೇಬರ ಕಾಲದಲ್ಲಿ, 1866ರಲ್ಲಿ, ಇನಾಮು ಕಮಿಷನ್ ಏರ್ಪಟ್ಟು, ಇನಾಮಿನ ಹಕ್ಕುಗಳ ಪರಿಶೋಧನೆ ನಡೆಯಿತು. ಸನ್ನದನ್ನು ತೋರಿಸು, ಅನುಭೋಗವನ್ನು ಸ್ಥಾಪಿಸು ಎಂಬುದು ಹೊಸ ಕಾಲದ ಮಾತು. ಧಾರವಾಡದ ಕಡೆಯಲ್ಲಿ 1852ರ ಹನ್ನೊಂದನೆಯ ಆಕ್ಟಿನ ಪ್ರಕಾರ ಇಂಥದೇ ಪರಿಶೋಧನೆ ನಡೆದು, ಇನಾಮುದಾರರಲ್ಲಿ ದೊಡ್ಡ ಕಳವಳವನ್ನೇ ಹುಟ್ಟಿಸಿದ್ದಿತು. ತಾಮ್ರಪಟವನ್ನು ಗೆದ್ದಲು ತಿನ್ನಲಾರದು. ಆದರೆ ಓಲೆಯ ಸನ್ನದು, ಬಾಯಿಮಾತಿನ ಮಾನ್ಯ ಇವುಗಳಿಗೆ ಆ ಭಾಗ್ಯವೆಲ್ಲಿ? ಕಾಗದವಿದ್ದವನ ಧರ್ಮ ಉಳಿಯಿತು. ಇಲ್ಲದವನ ಧರ್ಮಕ್ಕೆ ಕಂದಾಯ ಬಿದ್ದಿತು.

ಸರ್ಕಾರಕ್ಕೆ ಸೇರಿದ ದತ್ತಿಭೂಮಿಗೆ ಬದಲಾಗಿ ಸಂಸ್ಥೆಗೆ ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿದ ನಗದು ಹಣ ಸಲ್ಲುತ್ತಿದ್ದಿತು. ಅದೇ ತಸ್ತೀಕು. ಈ ಒಂದು ಶಬ್ದದಲ್ಲಿ ಧರ್ಮಸಂಸ್ಥೆಗಳ ಆಧುನಿಕ ಚರಿತ್ರೆಯೆಲ್ಲ ಅಡಗಿದೆಯೆನ್ನಬಹುದು. ಭೂಮಿಯ ಫಲ ಕಾಲಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ತಸ್ತೀಕಿನ ಅಂಕಿ ಕಾಗದದ ಮೇಲೆ ನಿಂತಲ್ಲಿಯೇ ನಿಲ್ಲುತ್ತದೆ. ಅಕ್ಕಿಯ ಬೆಲೆ ಇಮ್ಮಡಿಯಾದರೆ ದೇವರ ಅಮೃತಪಡಿ ಅರ್ಧವಾಯಿತು. ಎಣ್ಣೆಯ ಬೆಲೆ ಏರಿದರೆ ದೀಪಗಳ ಸಂಖ್ಯೆ ಇಳಿಯಿತು. ಹಿಂದೆ ಭೂಮಿಯ ಒಡೆಯನಾಗಿದ್ದ ದೇವರು ಖಜಾನೆಯ ಬಾಗಿಲಲ್ಲಿ ಅರ್ಜಿದಾರನಾದನು. ಅರ್ಚಕನು ತಾಲ್ಲೂಕು ಕಚೇರಿಗೆ ಅಲೆಯತೊಡಗಿದನು.

ಹೀಗೆ ಹೇಳಿದರೆ ಒಂದು ಪಕ್ಷವನ್ನು ಮಾತ್ರ ಹೇಳಿದಂತಾಗುತ್ತದೆ. ಹಣವನ್ನು ಕೊಟ್ಟ ಸರ್ಕಾರವು ಲೆಕ್ಕವನ್ನು ಕೇಳಿತು. ಲೆಕ್ಕವನ್ನು ಕೇಳಿದ ಸರ್ಕಾರವು ಕ್ರಮೇಣ ನ್ಯಾಯವನ್ನೂ ಕೇಳತೊಡಗಿತು. ಪುರಾತನ ದತ್ತಿಗಳ ವೈಭವವನ್ನು ವರ್ಣಿಸುವಾಗ, ಅನೇಕ ಛತ್ರಗಳಲ್ಲಿ ಧರ್ಮದ ಊಟವು ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿದ್ದಿತೆಂಬುದನ್ನೂ, ದೇವರ ಗದ್ದೆಯನ್ನು ಉತ್ತವನು ಆ ದೇವರ ಗುಡಿಯ ಹೊರಗೇ ನಿಲ್ಲಬೇಕಾಗಿದ್ದಿತೆಂಬುದನ್ನೂ ಮರೆಯಲಾಗದು. ಸಂಸ್ಥೆಯ ಸ್ವಾತಂತ್ರ್ಯವೆಂದರೆ ಎಷ್ಟೋ ಕಡೆ ಧರ್ಮಕರ್ತನ ಸ್ವಾತಂತ್ರ್ಯವಾಗಿದ್ದಿತೇ ಹೊರತು ಭಕ್ತನದಾಗಿರಲಿಲ್ಲ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಲು ಸಾಧ್ಯವಾದುದು ಆ ಸಂಸ್ಥೆಗಳ ಆಡಳಿತ ತನ್ನ ಕೈಯಲ್ಲಿದ್ದುದರಿಂದಲೇ. ಆದರೆ ಆ ಸೇವೆಯಿಂದಲೇ ಜೀವಿಸುತ್ತಿದ್ದ ಸ್ತ್ರೀಯರಿಗೆ ಅದೇ ಆಜ್ಞೆಯಿಂದ ಜೀವನೋಪಾಯದ ಪ್ರಶ್ನೆಯೂ ಎದುರಾಯಿತು. 1927ರ ಏಳನೆಯ ಆಕ್ಟು ಮೈಸೂರಿನ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳ ಆಡಳಿತಕ್ಕೆ ಒಂದು ಕ್ರಮವನ್ನು ಕೊಟ್ಟಿತು. 1948ರಲ್ಲಿ ಮೈಸೂರಿನ ದೇವಾಲಯ ಪ್ರವೇಶದ ಶಾಸನವು ಹರಿಜನರಿಗೆ ಬಾಗಿಲನ್ನು ತೆರೆಯಿತು. ಎಲ್ಲರ ಕಂದಾಯವು ಸೇರಿದ ಬೊಕ್ಕಸದಿಂದ ಸಂಸ್ಥೆಗೆ ಹಣ ಸಲ್ಲುವುದಾದರೆ, ಕಂದಾಯ ಕೊಟ್ಟವನನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯವೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಹಳೆಯ ಪ್ರಶ್ನೆಗೆ ಕೆಲವು ಎಲ್ಲೆಗಳನ್ನು ಗೊತ್ತುಮಾಡಿತು. ಯಾವುದೇ ಒಂದು ಮತದ ಪೋಷಣೆಗೆಂದೇ ವಿನಿಯೋಗವಾಗುವ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸಕೂಡದೆಂದು 27ನೆಯ ಅನುಚ್ಛೇದವು ಹೇಳುತ್ತದೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆಯನ್ನು 28ನೆಯದು ನಿಷೇಧಿಸುತ್ತದೆ. ಸಹಾಯದ್ರವ್ಯವನ್ನು ಕೊಡುವಾಗ ಅಲ್ಪಸಂಖ್ಯಾತರ ಶಾಲೆಯೆಂಬ ಕಾರಣದಿಂದ ಭೇದವನ್ನು ಮಾಡಕೂಡದೆಂದು 30ನೆಯದು ವಿಧಿಸುತ್ತದೆ. ಇವುಗಳ ಜೊತೆಯಲ್ಲಿಯೇ, 1956ರಲ್ಲಿ ಸೇರಿದ 290–ಎ ಎಂಬ ಅನುಚ್ಛೇದವು ತಿರುವಾಂಕೂರಿನ ದೇವಸ್ವ ನಿಧಿಗೆ ಕೇರಳದ ಬೊಕ್ಕಸದಿಂದ ವರ್ಷಕ್ಕೆ 46 ಲಕ್ಷ 50 ಸಾವಿರ ರೂಪಾಯಿ ಸಲ್ಲಬೇಕೆಂದು ವಿಧಿಸಿತು. ಮೇಲುನೋಟಕ್ಕೆ ಇದು ವಿರೋಧವೆಂದು ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ರೆಸಿಡೆಂಟನೂ ದಿವಾನನೂ ಆಗಿದ್ದ ಕರ್ನಲ್ ಮನ್ರೋವು ಅಲ್ಲಿನ ದೇವಸ್ಥಾನಗಳ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿಕೊಂಡಿದ್ದನು. ಭೂಮಿಯನ್ನು ತೆಗೆದುಕೊಂಡವರು ಕೊಡುವ ಹಣವು ದಾನವಲ್ಲ, ಋಣ. ಮೈಸೂರಿನ ತಸ್ತೀಕಿಗೂ ಈ ಮಾತು ಸಲ್ಲುತ್ತದೆ.

ಕೊಡುವುದಲ್ಲದೆ ಪಡೆಯುವುದೂ ಸರ್ಕಾರಕ್ಕೆ ಅಭ್ಯಾಸವಾಗಿದ್ದಿತು. ಮದರಾಸಿನ 1951ರ ಧಾರ್ಮಿಕ ದತ್ತಿಗಳ ಶಾಸನವು, ಮೇಲ್ವಿಚಾರಣೆಯ ವೆಚ್ಚಕ್ಕಾಗಿ ಸಂಸ್ಥೆಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದನ್ನು ಮೀರದಂತೆ ವಂತಿಗೆ ಕೊಡಬೇಕೆಂದು ವಿಧಿಸಿದ್ದಿತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳು ಆ ಕಾಲದ ಕಾನೂನನ್ನು ಪ್ರಶ್ನಿಸಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಈ ವಿಷಯದಲ್ಲಿ ದೀಪಸ್ತಂಭದಂತಿದೆ. ಆಸ್ತಿಯ ಲೌಕಿಕ ಆಡಳಿತವನ್ನು ಸರ್ಕಾರ ಕ್ರಮಪಡಿಸಬಹುದು. ಯಾವ ಆಚಾರವು ಧರ್ಮಕ್ಕೆ ಅವಶ್ಯಕವೆಂಬುದನ್ನು ನಿರ್ಧರಿಸುವುದು ಆ ಪಂಥದವರಿಗೆ ಸೇರಿದುದು. ಮೇಲೆ ಹೇಳಿದ ವಂತಿಗೆಯು ಶುಲ್ಕವಲ್ಲ, ತೆರಿಗೆ. ಅದನ್ನು ವಿಧಿಸುವ ಅಧಿಕಾರ ಪ್ರಾಂತದ ಶಾಸನಸಭೆಗೆ ಇರಲಿಲ್ಲ. ಮೇಲ್ವಿಚಾರಣೆಯ ಹೆಸರಿನಲ್ಲಿ ಧರ್ಮದ ಹಣಕ್ಕೆ ಸರ್ಕಾರವು ಸ್ವೇಚ್ಛೆಯಾಗಿ ಕೈಹಾಕಲಾಗದೆಂಬುದು ಇದರಿಂದ ಸ್ಪಷ್ಟವಾಯಿತು.

ಮರುವರ್ಷವೇ, 1955ರಲ್ಲಿ, ಮೈಸೂರಿನ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದಿಯಾತಿಯ ಶಾಸನವಾಯಿತು. ತಲೆಮಾರುಗಳಿಂದ ದೇವರ ಭೂಮಿಯನ್ನು ಉಳುತ್ತಿದ್ದ ಒಕ್ಕಲಿಗೆ ಹಕ್ಕು ದೊರೆಯುವ ದಾರಿಯಾಯಿತು. ಇದು ಧರ್ಮಕ್ಕೆ ಸಮ್ಮತವಲ್ಲವೆಂದು ಯಾರು ಹೇಳಬಲ್ಲರು? ಆದರೆ ಸಂಸ್ಥೆಯ ಪಾಲಿಗೆ ಉಳಿದುದು ಮತ್ತೆ ತಸ್ತೀಕು. ಒಂದು ಅನ್ಯಾಯವನ್ನು ತಿದ್ದುವಾಗ ಇನ್ನೊಂದು ಋಣವು ಸರ್ಕಾರದ ತಲೆಯ ಮೇಲೆ ಕುಳಿತಿತು. ಆ ಋಣವು ಇನ್ನೂ ತೀರಿಲ್ಲ. ಕರ್ನಾಟಕದಲ್ಲಿ ಮುಜರಾಯಿಗೆ ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ ಬಹುಪಾಲು ಅಲ್ಪಾದಾಯದ ‘ಸಿ’ ವರ್ಗದವು. ಇವುಗಳ ಅರ್ಚಕರಿಗೆ ಸಲ್ಲುವ ವಾರ್ಷಿಕ ತಸ್ತೀಕನ್ನು 2025–26ರ ಆಯವ್ಯಯದಲ್ಲಿ 60,000 ರೂಪಾಯಿಗಳಿಂದ 72,000ಕ್ಕೆ ಏರಿಸುವುದಾಗಿ ಸರ್ಕಾರವು ಪ್ರಕಟಿಸಿತು. ಭಾಗಿಸಿ ನೋಡಿದರೆ ದಿನವೊಂದಕ್ಕೆ ಇನ್ನೂರು ರೂಪಾಯಿಗೂ ಕಡಮೆ.

ಶ್ರೀಮಂತ ದೇವಸ್ಥಾನಗಳ ಆದಾಯದಲ್ಲಿ ಒಂದು ಭಾಗವನ್ನು ಬಡ ದೇವಸ್ಥಾನಗಳಿಗೆ ಒದಗಿಸುವ ಸಾಮಾನ್ಯ ಸಂಗ್ರಹಣಾ ನಿಧಿಯ ಯೋಜನೆಯು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮದಲ್ಲಿ ಬಂದಿತು. 2006ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಆ ಅಧಿನಿಯಮವನ್ನು ಅಸಿಂಧುವೆಂದು ತೀರ್ಮಾನಿಸಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ತಿದ್ದುಪಡಿಯೂ ಆಯಿತು. ಬುಕ್ಕರಾಯನ ಶಾಸನದ ಮನೆಗೊಂದು ಹಣದ ಏರ್ಪಾಡಿಗೂ ಈ ನಿಧಿಗೂ ಹೋಲಿಕೆಯಿಲ್ಲದೆ ಇಲ್ಲ. ಧರ್ಮದವರ ಹಣ ಧರ್ಮಕ್ಕೇ ಸಲ್ಲಬೇಕು. ನಡುವೆ ನಿಲ್ಲುವವನಲ್ಲಿ ಎಲ್ಲರಿಗೂ ವಿಶ್ವಾಸವಿರಬೇಕು. 1368ರಲ್ಲಿ ಜೈನರು ತಮ್ಮ ಹಣವನ್ನು ತಾತಯ್ಯನ ಕೈಗೆ ಒಪ್ಪಿಸಲು ಆ ವಿಶ್ವಾಸವಿದ್ದಿತು, ಅಥವಾ ದೊರೆಯ ಮಾತು ಅದನ್ನು ಉಂಟುಮಾಡಿತು. ವಿಶ್ವಾಸವನ್ನು ಮಾತ್ರ ಯಾವ ಶಾಸನಸಭೆಯೂ ಬಹುಮತದಿಂದ ಮಂಜೂರು ಮಾಡಲಾರದು.

ಈ ಎಂಟು ಶತಮಾನಗಳ ಕಥೆಯಿಂದ ಎರಡು ಮಾತುಗಳು ನಿಲ್ಲುತ್ತವೆ. ಸರ್ಕಾರವು ಕೊಡುವ ಹಣವು ಹಳೆಯ ಋಣದ ತೀರುವೆಯಾಗಿದ್ದರೆ, ಅದನ್ನು ಕೃಪೆಯೆಂದು ಬಗೆಯದೆ, ಬೆಲೆಗಳೊಡನೆ ಏರುವಂತೆ ಪೂರ್ಣವಾಗಿ ಸಲ್ಲಿಸತಕ್ಕುದು. ಅದು ಅನ್ನಕ್ಕೂ ವಿದ್ಯೆಗೂ ಔಷಧಕ್ಕೂ ಕೊಡುವ ಹೊಸ ಸಹಾಯವಾಗಿದ್ದರೆ, ಉಣ್ಣುವವನ, ಓದುವವನ, ಮಲಗಿದ ರೋಗಿಯ ಮತವನ್ನೂ ಕುಲವನ್ನೂ ಕೇಳದ ಸಂಸ್ಥೆಗೆ ಮಾತ್ರ ಸಲ್ಲತಕ್ಕುದು. ಇವೆರಡನ್ನೂ ಬೆರೆಸಿದುದರಿಂದಲೇ ಕೊಡುವವರಿಗೆ ಅಹಂಕಾರವೂ ಪಡೆಯುವವರಿಗೆ ದೈನ್ಯವೂ ಉಂಟಾದುವು.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವು ಇಂದಿಗೂ ನಿಂತಿದೆ. ಕೋಡಿಯ ಮಠದ ಪಾಠವೂ ಪಾಕಶಾಲೆಯೂ ಔಷಧವೂ ಉಳಿದಿಲ್ಲ. ಅವುಗಳನ್ನು ಕೊಟ್ಟವರ ಹೆಸರು ಕಲ್ಲಿನಲ್ಲಿದೆ, ಉಂಡವರ ಹೆಸರಿಲ್ಲ. ಆದರೆ ಆ ಕಲ್ಲು ಕುರುಡನನ್ನೂ ಕುಂಟನನ್ನೂ ಅನಾಥನನ್ನೂ ವೇದಗಳೊಡನೆ ಒಂದೇ ಪಟ್ಟಿಯಲ್ಲಿ ಎಣಿಸಿತು. ಬೊಕ್ಕಸದಿಂದ ಧರ್ಮಕ್ಕೆ ಹಣ ಹೊರಡುವಾಗಲೆಲ್ಲ ಆ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುವುದು ಒಳಿತು.